ನೀಲಿ ಹರಳು ಹೌನ್ಸ್ಲೋಗೆ ಹೋಗಿ ಬಂದ ಸೋಮವಾರ

ನನ್ನ ಮೊಮ್ಮಗಳು ಶಾಲ್ಮಲಾ ಪಾಸಾದಳು! ಇನ್ನು ಆಕೆ ಡಾಕ್ಟರ್ ಶಾಲ್ಮಲಾ. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಆದ ಡಾಕ್ಟರು. ಇದನ್ನು ಮೊದಲಿಗೇ ಹೇಳಿಬಿಟ್ಟೆ. ಆ ದಿನದ ನನ್ನ ಪಾಡನ್ನು ಓದುತ್ತ ಊರಲ್ಲಿ ಕೂತ ನಿಮ್ಮ ಎದೆಯೂ ಡವಡವ ಎನ್ನುವುದು ಬೇಡ. ನನ್ನೊಬ್ಬಳದು ಹೊಡೆದುಕೊಂಡದ್ದು ಸಾಕು.

ನಾನು ಬೆಳಗಾವಿಯ ವಡಗಾವಿಯವಳು. ಮೂರನೆಯ ಇಯತ್ತೆಯವರೆಗೆ ಕಲಿತೆ. ಯಜಮಾನರು ಮಗ್ಗದಲ್ಲಿ ಸೀರೆ ನೇಯ್ದರು, ನಾನು ನೂಲಿನ ಕಂಡಿಕೆ ಸುತ್ತಿದೆ. ಆಯುಷ್ಯ ಹಾಗೇ ಕಳೆಯಿತು. ಮಗ ಬಸವರಾಜ ಲಂಡನ್ನಿನ ಹ್ಯಾರೋದಲ್ಲಿ ಮನೆ ಮಾಡಿದ್ದಾನೆ. ಅವನಿಗೆ ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಕೆಲಸ, ಸೊಸೆ ಸುನಂದಾಳಿಗೆ ಒಂದು ಶಾಲೆಯ ಅಡುಗೆಮನೆಯಲ್ಲಿ. ಅವರ ಒಬ್ಬಳೇ ಮಗಳು ಶಾಲ್ಮಲಾ, ನಮಗೆಲ್ಲ ಶಾಲೂ. ಅವಳ ಪರೀಕ್ಷೆ ಹತ್ತಿರ ಬಂತೆಂದು ಮಗ ನನ್ನನ್ನು ಕರೆಸಿಕೊಂಡಿದ್ದ. ಪರೀಕ್ಷೆಗೂ ನನಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, "ಹುಡುಗಿ ಊಟಾ ಬಿಟ್ಟಾಳಬೇ. ನೀ ಬಂದು ಉಣಿಸು" ಎಂದಿದ್ದ.

ಬಂದು ನೋಡಿದರೆ ಅದು ನಿಜವೇ ಆಗಿತ್ತು. ತಾಟಿನಲ್ಲಿ ಅರ್ಧ ರೊಟ್ಟಿ ಮುರಿಯುತ್ತಿದ್ದಳು, ಉಳಿದರ್ಧ ಹಾಗೇ ಇರುತ್ತಿತ್ತು. "ಆಯಿ, ನೋ ಮೋರ್" ಎಂದು ಎದ್ದುಬಿಡುತ್ತಿದ್ದಳು. ಕೆನ್ನೆಯ ಎಲುಬು ಕಾಣುತ್ತಿತ್ತು.

ಏನು ಓದಿದಳು ಎಂದು ನೀವು ಕೇಳುತ್ತೀರಿ. ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಸಂಜೆ ನನ್ನ ಸೀರೆಯ ಸೆರಗು ಹಿಡಿದು ತೋರಿಸಿದಳು. "ನೋಡಾಯಿ, ಇಲ್ಲಿ ಹಾಸಿನ ಉದ್ದನ ಎಳಿ ಮ್ಯಾಲೈತಿ. ನೆಕ್ಸ್ಟ್ ಕೆಳಗ. ಮತ್ತ ಮ್ಯಾಲ. ನನ್ನ ಕ್ರಿಸ್ಟಲ್ ಒಳಗೂ ಹಂಗ." ತಾಮ್ರದ ಉಪ್ಪಿನ ನೀಲಿ ಹರಳು ಅದು. ಅದರೊಳಗೆ ತಾಮ್ರದ ಕಣಗಳು ಬಟ್ಟೆ ಹಾಸಿದಂತೆ ಪದರ ಪದರವಾಗಿ ಕೂತಿವೆಯಂತೆ. ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಒಂದರ ಮುಖ ಮೇಲಕ್ಕಿದ್ದರೆ ಅದರ ನಾಲ್ಕೂ ನೆರೆಯವುಗಳ ಮುಖ ಕೆಳಕ್ಕೆ. ಒಂದನ್ನು ಅಲುಗಿಸಿದರೆ ಬಟ್ಟೆ ಜಾಡಿಸಿದಾಗ ಏಳುವಂಥ ಅಲೆ ಆ ಪದರದ ತುಂಬ ಓಡುತ್ತದೆ. ಕಣ್ಣಿಗೆ ಕಾಣದ ಆ ಅಲೆಯನ್ನು ಅಳೆಯಲು ನ್ಯೂಟ್ರಾನ್ ಎಂಬ ಕಣಗಳನ್ನು ಹರಳಿಗೆ ಎಸೆಯುತ್ತಾರೆ. ಯಾವ ದಿಕ್ಕಿಗೆ ಸಿಡಿದವು, ಎಷ್ಟು ವೇಗ ಕಳೆದುಕೊಂಡವು ಎಂದು ನೋಡಿ ಅಲೆಯ ಲೆಕ್ಕ ಹಿಡಿಯುತ್ತಾರೆ. ಆ ಯಂತ್ರ ಲಂಡನ್ನಿನಾಚೆ, ಹೊಲಗಳ ನಡುವೆ ಇದೆ.

ಹಳೆಯ ಲೆಕ್ಕದ ಪ್ರಕಾರ ಎಳೆಯ ಗುಂಟ ನೇರ ಹೋಗುವ ತೀರ ಸಣ್ಣ ಅಲೆಗೂ ಓರೆಯಾಗಿ ಹೋಗುವ ಅಲೆಗೂ ಒಂದೇ ಕಸುವು ಇರಬೇಕಿತ್ತು. ಶಾಲೂ ಅಳೆದಾಗ ನೇರ ಹೋಗುವುದು ಸ್ವಲ್ಪ ಸೋತಿತ್ತು. ಎಷ್ಟು ಥಂಡಿ ಮಾಡಿದರೂ ಆ ಪುಟ್ಟ ಅಯಸ್ಕಾಂತಗಳು ಸುಮ್ಮನೆ ಕೂರುವುದಿಲ್ಲ, ನೆರೆಹೊರೆಯವು ಜೋಡಿ ಜೋಡಿಯಾಗಿ ಕೈ ಹಿಡಿದು ಬಿಟ್ಟು ಮಾಡುತ್ತಿರುತ್ತವೆ, ಅದಕ್ಕೇ ಹೀಗೆ ಎಂಬುದು ಅವಳ ವಾದ. ಆದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ ಅನುಮಾನ. ಅದು ಒಂದೇ ಹರಳೋ, ಎರಡು ಬೆಸೆದುಕೊಂಡು ಬೆಳೆದದ್ದೋ? ಎರಡಾಗಿದ್ದರೆ ಅವಳು ಅಳೆದದ್ದೆಲ್ಲ ಸುಳ್ಳು. "ಹರಳು ತನ್ನಿ, ಕಣ್ಣಾರೆ ನೋಡುತ್ತೇನೆ" ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು.

ಶಾಲೂ ಶುಕ್ರವಾರ ಯಂತ್ರದ ಊರಿಗೆ ಹೋಗಿ ಹರಳು ತಂದಳು. ಗೋಡಂಬಿಗಿಂತ ಸ್ವಲ್ಪ ದೊಡ್ಡದು, ನವಿಲಿನ ಕುತ್ತಿಗೆಯ ಬಣ್ಣ. ಪುಟ್ಟ ಗಾಜಿನ ಬಾಟಲಿಯಲ್ಲಿತ್ತು. ಬಾಟಲಿ ಅಗಲ ಬಾಯಿಯ ಫ್ಲಾಸ್ಕಿನಲ್ಲಿ, ಸುತ್ತ ಐಸು. ಬೆಚ್ಚಗಾದರೆ ಒಳಗಿನ ನೀರು ಬಿಟ್ಟು ಬೆಳ್ಳಗೆ ಪುಡಿಯಾಗುತ್ತದಂತೆ. ಎರಡು ದಿನ ಅದು ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿತ್ತು.

ಈಗ ನನ್ನ ಪಾಲಿಗೆ ಬರುತ್ತೇನೆ. ಪರೀಕ್ಷೆ ಸೋಮವಾರ, ಕಾಲೇಜು ನಮ್ಮ ಮನೆಯಿಂದ ಮೂಡಲಿಗೆ. ಸೋಮವಾರ ಮೂಡಲಿಗೆ ಶೂಲ, ಆ ದಿಕ್ಕಿಗೆ ಹೊರಡಬಾರದು ಎಂದು ನಿಮಗೆ ಗೊತ್ತು. ಅಂಥ ದಿನ ಹೋಗಲೇಬೇಕಾದರೆ ನಮ್ಮಲ್ಲಿ ಏನು ಮಾಡುತ್ತಾರೆ? ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ, ಒಯ್ಯಬೇಕಾದ ಗಂಟನ್ನು ಹೋಗುವ ದಿಕ್ಕಿನ ಮನೆಯೊಂದರಲ್ಲಿ ಪ್ರಸ್ಥಾನ ಇಡುತ್ತಾರೆ. ಅಲ್ಲಿಗೆ ಪ್ರಯಾಣ ಹಿಂದಿನ ದಿನವೇ ಶುರುವಾದ ಲೆಕ್ಕ. ನಮ್ಮ ಮನೆಯ ಮೂಡಲಿಗೆ, ಅದೇ ಸಾಲಿನಲ್ಲಿ, ಬೆಂಗಳೂರಿನ ರಘು ಮತ್ತು ವೀಣಾ ಇದ್ದಾರೆ. ರಘುವಿಗೆ ಹೌನ್ಸ್ಲೋದಲ್ಲಿ, ವಿಮಾನದ ಸಾಮಾನು ನೋಡಿಕೊಳ್ಳುವ ಕಂಪ್ಯೂಟರ್ ಕೆಲಸ. ವೀಣಾ ತುಂಬಿದ ಬಸುರಿ, ಇವತ್ತೋ ನಾಳೆಯೋ ಎನ್ನುವಂತಿದ್ದಳು.

ರವಿವಾರ ಸಂಜೆ ನಾನು ಫ್ಲಾಸ್ಕು ತೆಗೆದಾಗ ಬಸವರಾಜ ನಕ್ಕ.

"ಬ್ಯಾರೆ ಏನರ ಇಡಬೇ. ಒಂದು ಪೆನ್ನು ಇಡು."

"ಪರೀಕ್ಷಾ ಪೆನ್ನಿಗಲ್ಲೋ, ಹರಳಿಗೆ."

ಶಾಲೂ ಪುಸ್ತಕದಿಂದ ತಲೆ ಎತ್ತಲಿಲ್ಲ. "ಓಕೆ ಆಯಿ. ಆದ್ರ ಅವರ ಫ್ರಿಜ್‌ನ್ಯಾಗ ಇಡು. ಪ್ಲೀಸ್."

ಫ್ಲಾಸ್ಕನ್ನು ಚೀಲಕ್ಕೆ ಹಾಕಿ ಕೊಟ್ಟು ಬಂದೆ. ವೀಣಾ ಫ್ರಿಜ್ಜಿನೊಳಗೆ ಮೇಲಿನ ಹಲಗೆಯ ಮೇಲೆ ಇಟ್ಟಳು. ಚೀಲ ನಾನೇ ಹೊಲಿದದ್ದು, ಹಳೆಯ ಇಳಕಲ್ಲ ಸೀರೆಯ ದಡಿ ಹಚ್ಚಿ. ಅಂಥವೇ ಎರಡನ್ನು ಬಂದ ಹೊಸದರಲ್ಲಿ ವೀಣಾಳಿಗೂ ಕೊಟ್ಟಿದ್ದೆ. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೂ ಮೊಸರು ಸಕ್ಕರೆ ನೆಕ್ಕಿ ಹೊರಟಳು. ದಾರಿಯಲ್ಲಿ ವೀಣಾಳ ಮನೆಯಿಂದ ಚೀಲ ತೆಗೆದುಕೊಂಡದ್ದನ್ನು ಕಿಟಕಿಯಲ್ಲಿ ನಿಂತು ನಾನೇ ನೋಡಿದೆ. ಪರೀಕ್ಷೆ ಎರಡು ಗಂಟೆಗೆ. ಅದಕ್ಕೆ ಮೊದಲು ಮೇಡಂ ಜೊತೆ ಕೂತು ಓದುವುದಿತ್ತು. ಮಗ, ಸೊಸೆ ಕೆಲಸಕ್ಕೆ ಹೋದರು. ಲಂಡನ್ನಿನಲ್ಲಿ ಅಪರೂಪಕ್ಕೆ ಬೀಳುವ ಬಿಸಿಲು ಆ ದಿನವೇ ಬಿದ್ದಿತ್ತು. ನಾನು ಬದನೆಕಾಯಿ ಸೀಳಿ ಎಣಗಾಯಿಗೆ ಪುಡಿ ತುಂಬುತ್ತ ಕೂತಿದ್ದೆ. ಹನ್ನೊಂದರ ಸುಮಾರಿಗೆ ವೀಣಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ನೋವು ಬಂತೇನೋ ಎಂದುಕೊಂಡೆ.

"ಅಜ್ಜಿ, ಒಂದು ಎಡವಟ್ಟಾಗೋಗಿದೆ. ನೀವು ಹೆದರ್ಕೋಬೇಡಿ."

ಹೆದರಬೇಡಿ ಎಂದು ಯಾರಾದರೂ ಶುರು ಮಾಡಿದರೆ ಅಲ್ಲಿಗೆ ಮುಗಿಯಿತು. ನನ್ನ ಕೈಯ ಬದನೆಕಾಯಿ ಕೆಳಗೆ ಬಿತ್ತು.

"ಫ್ರಿಜ್ಜಲ್ಲಿ ಇವರ ಊಟದ ಚೀಲಾನೂ ಇತ್ತು. ಬೆಳಗಿನ ಜಾವ ಕತ್ತಲಲ್ಲಿ ಇವರು ಶಾಲೂದು ತಗೊಂಡು ಹೋಗಿದಾರೆ. ನಾನು ಇವರ ಚಿತ್ರಾನ್ನ ಶಾಲೂಗೆ ಕೊಟ್ಟಿದೀನಿ."

ಅವಳ ಕೈಯಲ್ಲಿದ್ದ ಮೊಬೈಲಿನಲ್ಲಿ ರಘು ಇನ್ನೂ ಇದ್ದ. ನಾನು ಕಿವಿಗಿಟ್ಟುಕೊಂಡೆ.

"ತಮ್ಮಾ, ಅದನ್ನ ತಿಂದಿಲ್ಲಲ್ಲ?"

"ಅಯ್ಯೋ ಇಲ್ಲ ಅಜ್ಜಿ! ಮುಚ್ಚಳ ತೆಗೆದ್ರೆ ಒಳಗೆ ಐಸು, ಬಾಟ್ಲಿ. ಬಾಟ್ಲಿ ಮೇಲೆ ಹಳದಿ ಸ್ಟಿಕ್ಕರು, ರೇಡಿಯೇಷನ್ ಗುರುತು. ಪಕ್ಕದ ಸೀಟಿನೋನು ಟೀ ಬಿಟ್ಟು ಎದ್ದು ಹೋದ."

ಹಳದಿ ಚೀಟಿ ಯಂತ್ರದ ಕಡೆಯವರು ಮೊದಲು ಹಚ್ಚಿದ್ದು. ಪರೀಕ್ಷಿಸಿ, ಇನ್ನು ಒಯ್ಯಲು ಅಡ್ಡಿಯಿಲ್ಲ ಎಂದು ಮಗ್ಗುಲಲ್ಲಿ ಹಸಿರು ಚೀಟಿಯನ್ನೂ ಹಚ್ಚಿದ್ದರು. ಹಸಿರನ್ನು ಯಾರು ನೋಡುತ್ತಾರೆ?

"ಫ್ರಿಜ್‌ನ್ಯಾಗ ಇಡು ಅದನ್ನ!"

"ಇಲ್ಲಿನ ಫ್ರಿಜ್ಜಲ್ಲಿ ಇಡೋಕೆ ಯಾರೂ ಬಿಡ್ತಿಲ್ಲ ಅಜ್ಜಿ. ಕ್ಯಾಬಲ್ಲಿ ಕಳಿಸೋಣ ಅಂದ್ರೆ ಡ್ರೈವರು ಸ್ಟಿಕ್ಕರ್ ನೋಡಿ, ಜೊತೆಗೆ ಮನುಷ್ಯರು ಬಂದ್ರೆ ಮಾತ್ರ ಅಂತಾನೆ. ನಮ್ಮ ಸಿಸ್ಟಮ್ ಬಿದ್ದಿದೆ, ವಿಮಾನದ ಲಗೇಜೆಲ್ಲ ನಿಂತಿದೆ. ನಾನು ಸ್ಟೇಷನ್ ತನಕ ಐದು ನಿಮಿಷ ಬರಬಹುದು, ಅಷ್ಟೆ."

ಮಗನಿಗೆ ಗೋದಾಮಿನೊಳಗೆ ಫೋನಿಲ್ಲ. ಸೊಸೆಯ ಶಾಲೆಯಲ್ಲಿ ಮಕ್ಕಳ ಊಟದ ಹೊತ್ತು, ಫೋನು ಎತ್ತುವವರಿಲ್ಲ. ಶಾಲೂ ಮೊಬೈಲು ಬಂದ್ ಇಟ್ಟಿದ್ದಳು. ವೀಣಾ "ನಾನೇ ಹೋಗ್ತೀನಿ ಅಜ್ಜಿ" ಎಂದಳು. ಆ ಹೊಟ್ಟೆ ಹೊತ್ತು ರೈಲಿನಲ್ಲಿ?

"ನೀ ಸುಮ್ಮನ ಮನ್ಯಾಗ ಕುಂಡ್ರು. ಕಾಲೇಜಿಗೆ ಫೋನ್ ಹಚ್ಚಿ ಶಾಲೂಗ ತಿಳಸು. ನಾ ಹೋಗ್ತೀನಿ" ಎಂದೆ. ಅಲ್ಲಿಯವರೆಗೆ ನಾನು ಒಬ್ಬಳೇ ಹೋದದ್ದು ಮೂಲೆಯ ಅಂಗಡಿಗೆ, ಮೆಂತೆಸೊಪ್ಪು ತರಲು.

ವೀಣಾ ಒಂದು ಲಕೋಟೆಯ ಹಿಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸ್ಟೇಷನ್ನುಗಳ ಹೆಸರು ಬರೆದು ಕೊಟ್ಟಳು. "ರೈಲಿನ ನಕ್ಷೆಯಲ್ಲಿ ಪೂರ್ತಿ ಕಡುನೀಲಿ ಗೆರೆ ಅಜ್ಜಿ. ಬೇರೆ ಬಣ್ಣ ಹತ್ತಲೇಬೇಡಿ." ರೇನರ್ಸ್ ಲೇನ್ ಸ್ಟೇಷನ್ನಿನಲ್ಲಿ ಐದು ಪೌಂಡಿನ ನೋಟು ಕೊಟ್ಟು ಲಕೋಟೆ ತೋರಿಸಿದೆ. ದಿನವಿಡೀ ಓಡಾಡುವ ಟಿಕೇಟು ಬಂತು, ಜೊತೆಗೆ ಪುಡಿ ಚಿಲ್ಲರೆ. ಗಾಡಿ ಸಿಕ್ಕಿತು. ಅದು ನೆಲದ ಮೇಲೇ ಓಡುತ್ತಿತ್ತು. ಎರಡೂ ಕಡೆ ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಮಕ್ಕಳ ಜಾರುಬಂಡಿ. ಬೇರೆ ದಿನವಾಗಿದ್ದರೆ ಬಾಯಿ ತೆರೆದು ನೋಡುತ್ತಿದ್ದೆ. ಆ ದಿನ ಕಂಡದ್ದೆಲ್ಲ ಬಿಸಿಲು. ಈ ಬಿಸಿಲು ಹೌನ್ಸ್ಲೋದಲ್ಲೂ ಇದೆ, ರಘುವಿನ ಮೇಜಿನ ಮೇಲೂ ಬೀಳುತ್ತಿರಬಹುದು, ಐಸು ಕರಗುತ್ತಿರಬಹುದು. ಗಂಟು ತೆಂಕಲಿಗೆ ಹೋಯಿತು, ಗಂಟಿನ ಒಡತಿ ಮೂಡಲಿಗೆ ಹೋದಳು. ಇಂಥ ಪ್ರಸ್ಥಾನವನ್ನು ನಮ್ಮ ಅತ್ತೆಯವರು ಕೇಳಿದ್ದರೆ ನನ್ನನ್ನು ಮಗ್ಗದ ಗುಂಡಿಗೇ ಇಳಿಸುತ್ತಿದ್ದರು.

ಆಕ್ಟನ್ ಟೌನಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ನಿಂತೆ. ಎಲ್ಲ ಕಟ್ಟೆಗಳೂ ಒಂದೇ ಥರ ಕಂಡವು. ಸಲ್ವಾರ್ ಕಮೀಜಿನ ಮೇಲೆ ಕೋಟು ಹಾಕಿದ ಒಬ್ಬ ಹೆಂಗಸು ಹೋಗುತ್ತಿದ್ದಳು. ನನ್ನ ಬೆಳಗಾವಿ ಹಿಂದಿ ತೆಗೆದೆ.

"ಬೆಹೆನ್‌ಜಿ, ಹೌನ್ಸ್ಲೋ ಕಿದರ್?"

"ಚಲೋ ಮೇರೆ ಸಾಥ್" ಎಂದು ರಟ್ಟೆ ಹಿಡಿದೇ ನಡೆಸಿದಳು. ಅವಳ ಹೆಸರು ಸುರಿಂದರ್. ವಿಮಾನದಲ್ಲಿ ಕೊಡುವ ಊಟ ತುಂಬುವ ಕೆಲಸವಂತೆ, ಮಧ್ಯಾಹ್ನದ ಪಾಳಿಗೆ ಹೊರಟಿದ್ದಳು. ಗಾಡಿಯಲ್ಲಿ ನನ್ನ ಕಥೆಯನ್ನು ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಹೇಳಿದೆ. ಹರಳು ಎಂದದ್ದನ್ನು ಅವಳು ವಜ್ರ ಎಂದುಕೊಂಡಳು. ಅಲ್ಲ ಎಂದು ತಿಳಿಸುವಷ್ಟರಲ್ಲಿ ಮೂರು ಸ್ಟೇಷನ್ ಹೋದವು. ಬಿಸಿಯಾದರೆ ಕೆಡುತ್ತದೆ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ತಿಳಿಯಿತು.

ಹೌನ್ಸ್ಲೋ ಸೆಂಟ್ರಲ್ಲಿನ ಬಾಗಿಲಲ್ಲಿ ರಘು ನಿಂತಿದ್ದ. ಚೀಲವನ್ನು ಹಾವಿನ ಬುಟ್ಟಿಯಂತೆ ಮೈಯಿಂದ ದೂರ ಹಿಡಿದಿದ್ದ.

"ಅಜ್ಜಿ, ಇದು ನಿಜವಾಗ್ಲೂ ಏನೂ ಮಾಡಲ್ವಾ? ಮನೇಲಿ ವೀಣಾ ಬೇರೆ..."

"ಏನರ ಮಾಡೂದಿದ್ರ ಶಾಲೂ ನಿಮ್ಮ ಮನಿಗೆ ಕೊಡತಿದ್ಲೇನೋ? ಎರಡು ದಿನಾ ನಮ್ಮ ಮೊಸರಿನ ಬಾಜೂಕ ಕುಂತಿತ್ತು. ಆ ಮೊಸರು ನಿನ್ನಿ ನೀನೂ ಉಂಡಿ."

ಅವನ ಮುಖ ಸಣ್ಣಗಾಯಿತು. "ಸಾರಿ ಅಜ್ಜಿ. ನನ್ನಿಂದ..."

"ನಿನ್ನಿಂದ ಏನಾಗಿಲ್ಲ ತಮ್ಮಾ. ಒಂದ ನಮೂನಿ ಚೀಲಾ ಹೊಲದಾಕಿ ನಾ."

ಫ್ಲಾಸ್ಕಿನ ಮುಚ್ಚಳ ತೆಗೆದೆ. ಐಸು ಹೆಚ್ಚೂಕಡಿಮೆ ನೀರಾಗಿತ್ತು. ಬಾಟಲಿಯನ್ನು ಎತ್ತಿ ನೋಡಲು ಧೈರ್ಯ ಬರಲಿಲ್ಲ. ಸುರಿಂದರ್ ಇನ್ನೂ ಹೋಗಿರಲಿಲ್ಲ. ರಸ್ತೆ ದಾಟಿ ಅಂಗಡಿಗೆ ನುಗ್ಗಿ, ಐಸಿನಂತೆ ಗಡ್ಡೆ ಕಟ್ಟಿದ ಹಸಿ ಬಟಾಣಿಯ ಒಂದು ದೊಡ್ಡ ಪಾಕೀಟು ಹಿಡಿದು ಬಂದಳು. ಅದನ್ನು ಫ್ಲಾಸ್ಕಿನ ಸುತ್ತ ಒತ್ತಿ ಚೀಲದ ಬಾಯಿ ಕಟ್ಟಿದಳು. ದುಡ್ಡು ಕೊಡಲು ಹೋದರೆ ಕೈ ತಳ್ಳಿದಳು. "ವಾಹೆಗುರು ಸಬ್ ಠೀಕ್ ಕರೇಗಾ" ಎಂದು ಬಸ್ಸಿಗೆ ಓಡಿದಳು. ಅವಳ ಮನೆ ಎಲ್ಲಿ ಎಂದೂ ನಾನು ಕೇಳಲಿಲ್ಲ. ಈಗ ನೆನೆದರೆ ಅದೊಂದು ಹಳಹಳಿ.

ಅಲ್ಲಿಂದ ಕಾಲೇಜಿನ ಸ್ಟೇಷನ್ ರಸೆಲ್ ಸ್ಕ್ವೇರಿಗೆ ಒಂದೇ ಗಾಡಿ. ರಘು ನನ್ನನ್ನು ಹತ್ತಿಸಿ, ಕಿಟಕಿಯಲ್ಲಿ ಕೈ ಮುಗಿದು ನಿಂತ. ವಿಮಾನದಿಂದ ಇಳಿದವರ ದೊಡ್ಡ ಪೆಟ್ಟಿಗೆಗಳ ನಡುವೆ ನನ್ನ ಬಟಾಣಿ ಚೀಲ ತೊಡೆಯ ಮೇಲೆ. ಹ್ಯಾಮರ್‌ಸ್ಮಿತ್ ದಾಟಿದ ಮೇಲೆ ಗಾಡಿ ನೆಲದೊಳಗೆ ಇಳಿಯಿತು. ಪ್ರತಿ ಸ್ಟೇಷನ್ನಿಗೂ ಗೋಡೆಯ ಮೇಲಿನ ಹೆಸರನ್ನು ಲಕೋಟೆಯ ಅಕ್ಷರಗಳಿಗೆ ಹಿಡಿದು ನೋಡುತ್ತಿದ್ದೆ.

ನೈಟ್ಸ್‌ಬ್ರಿಜ್ ಬಿಟ್ಟ ಮೇಲೆ ಗಾಡಿ ಸುರಂಗದ ನಡುವೆ ನಿಂತುಬಿಟ್ಟಿತು.

ದೀಪ ಒಮ್ಮೆ ಮಿಣುಕಿತು. ಮೇಲಿನಿಂದ ಒಂದು ಧ್ವನಿ ಏನೋ ಹೇಳಿತು. ಯಾರೂ ಅಲುಗಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಡಬ್ಬಿ ಇಳಿದು ಹಳಿಯ ಮೇಲೆ ನಿಂತು ಡ್ರೈವರನನ್ನು ಬೈಯುತ್ತಿತ್ತು. ಸೆಕೆ ಏರಿತು. ಬಟಾಣಿ ಗಡ್ಡೆ ಮೆತ್ತಗಾಗುವುದು ಸೀರೆಯ ಮೇಲೆಯೇ ತಿಳಿಯುತ್ತಿತ್ತು. ಮೊದಲು ಥಂಡಿ, ಆಮೇಲೆ ತೇವ. ಎದುರಿಗೆ ಪೇಪರು ಓದುವ ಹುಡುಗನಿಗೆ ಚೀಲ ತೋರಿಸಿ, ನನ್ನ ಕೈಗಡಿಯಾರ ತೋರಿಸಿ, "ಎಕ್ಸಾಮ್, ಎಕ್ಸಾಮ್" ಎಂದೆ. ಅವನು ನನಗೇ ಪರೀಕ್ಷೆ ಎಂದುಕೊಂಡಿರಬೇಕು. ಹುಬ್ಬು ಏರಿಸಿ, "ಗುಡ್ ಲಕ್" ಎಂದ.

ಆ ಕತ್ತಲಲ್ಲಿ ನನಗೆ ಹರಳಿನ ಚಿಂತೆಗಿಂತ ಅವಳ ತಾಟಿನ ಅರ್ಧ ರೊಟ್ಟಿ ಕಣ್ಣಿಗೆ ಬಂತು. ನಾಲ್ಕು ವರ್ಷ ಅವಳು ಆ ಹರಳುಗಳನ್ನು ಬೆಳೆಸಿದ್ದಳು, ಹೆಪ್ಪು ಹಾಕಿದ ಹಾಲಿನಂತೆ ಅಲುಗಾಡಿಸದೆ ಕಾದಿದ್ದಳು. ಉಣಿಸಲು ಬಂದವಳು ನಾನು. ನನ್ನ ಶೂಲ, ನನ್ನ ಪ್ರಸ್ಥಾನ, ನನ್ನ ಚೀಲ. ಶಿವನೇ, ಈ ಗಾಡಿ ಒಂದು ಅಲುಗು ಅಲುಗಿದರೆ ಸಾಕು ಎಂದೆ. ಅಲುಗಿತು. ನಿಂತಿತು. ಮತ್ತೆ ಅಲುಗಿ, ಓಡಿತು.

ರಸೆಲ್ ಸ್ಕ್ವೇರಿನಲ್ಲಿ ಒಂದು ಖೋಲಿಯಷ್ಟು ದೊಡ್ಡ ಲಿಫ್ಟು ನಮ್ಮನ್ನು ಮೇಲಕ್ಕೆ ತಂದಿತು. ಗೇಟಿನಾಚೆ ಶಾಲೂ ನಿಂತಿದ್ದಳು, ಕರಿ ಕೋಟು, ಒಣಗಿದ ತುಟಿ. ಒಂದು ಕೈಯಲ್ಲಿ ರಘುವಿನ ಚಿತ್ರಾನ್ನದ ಚೀಲ.

"ಆಯಿ! ಒಬ್ಬಾಕೀನ ಬಂದಿ?"

"ಮೊದಲ ಅದನ್ನ ನೋಡವ್ವಾ."

ರಸ್ತೆಯ ಮಗ್ಗುಲಿಗೇ ಕೂತು ಬಾಟಲಿ ತೆಗೆದಳು. ಹರಳು ನೀಲಿಯಾಗಿಯೇ ಇತ್ತು. ಒಂದು ಮೂಲೆ ಮಾತ್ರ ಪೇಢೆಗೆ ಸಕ್ಕರೆ ಪುಡಿ ಮೆತ್ತಿದಂತೆ ಬೆಳ್ಳಗಾಗಿತ್ತು. ಅವಳು ಬಾಟಲಿ ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಕೆಟ್ಟೈತೇನ?"

"ಕಾರ್ನರ್ ಹೋಗೈತಿ. ನೀರು ಬಿಟ್ಟೈತಿ." ಎದ್ದು ನನ್ನ ಕೈ ಹಿಡಿದಳು. ಅವಳ ಕೈ ಬಟಾಣಿಗಿಂತ ಥಂಡಿಯಾಗಿತ್ತು. "ಕಮ್ ಆನ್ ಆಯಿ. ನಡಿ."

ಕಾಲೇಜಿನ ಮೂರನೆಯ ಮಾಳಿಗೆಯಲ್ಲಿ ಉದ್ದನೆಯ ಓಣಿಯಂಥ ಹಾದಿ. ಅದರ ತುದಿಯ ಬಾಗಿಲಲ್ಲಿ ಹೊರಗಿನ ಪರೀಕ್ಷಕರು ನಿಂತಿದ್ದರು, ಬಿಳಿ ಹುಬ್ಬಿನ ಮುದುಕರು. ಶಾಲೂ ಒಳಗೆ ಹೋದಳು, ಬಾಗಿಲು ಮುಚ್ಚಿತು. ಅವಳಿಗೆ ಕಲಿಸಿದ ಹೆಲೆನ್ ಮೇಡಂ ಹೊರಗೇ ಉಳಿದರು. ಕಲಿಸಿದವರು ಒಳಗೆ ಕೂರುವುದಿಲ್ಲವಂತೆ ಇಲ್ಲಿ. ಅಲ್ಲಿದ್ದ ಬೆಂಚಿನ ಮೇಲೆ ಅವರು, ನಾನು. ಅವರಿಗೆ ನನ್ನ ಮಾತು ಬಾರದು, ನನಗೆ ಅವರದು. ಅವರು ಹೆಬ್ಬೆರಳ ಉಗುರು ಕಚ್ಚುತ್ತಿದ್ದರು. ಅಷ್ಟು ದೊಡ್ಡ ಮೇಡಂ ಆದವರೂ ನಮ್ಮ ಹಾಗೇ ಹೆದರುತ್ತಾರೆ ಎಂದು ಕಂಡು ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಒಳಗಿನಿಂದ ಮುದುಕರ ಧ್ವನಿ, ಆಮೇಲೆ ಏನೂ ಇಲ್ಲ. ಹೊತ್ತು ಹೋಗಲೊಲ್ಲದು. ಕಡೆಗೆ ನಾನು ರಘುವಿನ ಡಬ್ಬಿ ತೆಗೆದು ಮುಚ್ಚಳದಲ್ಲಿ ಅರ್ಧ ಚಿತ್ರಾನ್ನ ಹಾಕಿ ಅವರ ಮುಂದೆ ಹಿಡಿದೆ. ಅವರು ಮೊದಲು ಬೇಡವೆಂದರು, ಆಮೇಲೆ ಬೆರಳಿನಿಂದಲೇ ತಿಂದರು. ಹಸಿಮೆಣಸಿನಕಾಯಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ನಕ್ಕರು, ನಾನೂ ನಕ್ಕೆ. ಕೈ ಒರೆಸಿಕೊಂಡು ನನ್ನ ಸೆರಗು ಮುಟ್ಟಿದರು. ಶಾಲೂ ಅವರಿಗೂ ಹೇಳಿರಬೇಕು. ಒಂದೊಂದು ಎಳೆಯ ಮೇಲೆ ಉಗುರು ಇಟ್ಟು, "ಅಪ್, ಡೌನ್, ಅಪ್, ಡೌನ್" ಎಂದರು.

"ಮ್ಯಾಲ, ಕೆಳಗ, ಮ್ಯಾಲ, ಕೆಳಗ" ಎಂದೆ ನಾನು.

ಹಾಗೆ ಇಬ್ಬರೂ ಸೆರಗಿನ ತುದಿಯವರೆಗೆ ಹೋದೆವು. ಆಗ ಬಾಗಿಲು ತೆರೆಯಿತು.

ಶಾಲೂ ಹೊರಬಂದಳು, ಮುಖ ಒದ್ದೆ. ಅವಳು ಮೇಡಂ ಕಡೆ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದಳು, ಮೇಡಂ ಬೆಂಚಿನಿಂದ ಜಿಗಿದೇ ಬಿಟ್ಟರು. ಆಮೇಲೆ ಶಾಲೂ ನನ್ನ ಕುತ್ತಿಗೆಗೆ ಬಿದ್ದು, "ಪಾಸಾದೆ ಆಯಿ. ಮುಗೀತು" ಎಂದಳು. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಹಿಂದೆಯೇ ಬಂದ ಮುದುಕರು ನನಗೆ ತಲೆಬಾಗಿ, ಬಾಟಲಿಯನ್ನು ಎರಡೂ ಕೈಯಿಂದ ಕೊಟ್ಟರು, ಪ್ರಸಾದ ಕೊಟ್ಟಂತೆ.

ಒಳಗೆ ಏನಾಯಿತೆಂದು ಗಾಡಿಯಲ್ಲಿ ಹಿಂದಿರುಗುವಾಗ ಕೇಳಿದೆ. ಮುದುಕರು ಮೊದಲು ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರಂತೆ. ಎರಡು ಬೆಸೆದದ್ದಾದರೆ ಒಂದರ್ಧ ಈಗ, ಇನ್ನರ್ಧ ಆಗ ಮಿಂಚುತ್ತದೆ. ಇದರ ಮೈ ಪೂರಾ ಒಟ್ಟಿಗೇ ಮಿಂಚಿತು. ಒಂದೇ ಹರಳು! ಆಮೇಲೆ ಬಿಳಿ ಮೂಲೆಗೆ ಬೆರಳು ಮಾಡಿ, ಇದೇನು ಎಂದು ಕೇಳಿದರು. ಅಲ್ಲಿಯವರೆಗೆ ಇವಳು ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳಂತೆ.

"ನಾ ಹೇಳಿದೆ ಆಯಿ, ತಾಮ್ರದ ಲೇಯರ್ ನಡುವ ನೀರಿನ ಲೇಯರ್ ಇರ್ತಾವು. ಆ ನೀರು ಇರೂದಕ್ಕನ ಒಂದು ಲೇಯರ್‌ನವು ಇನ್ನೊಂದರ ಜೋಡಿ ಮಾತಾಡಂಗಿಲ್ಲ. ಅದಕ್ಕ ಇದು ಬಟ್ಟಿಯಂಗ ಬರೇ ಉದ್ದ ಅಗಲದ್ದು. ಈ ಕಾರ್ನರ್‌ದಾಗ ನೀರು ಹೋತು, ಹರಳಿನ ಕಟ್ಟಡನ ಕುಸೀತು, ಅಲ್ಲಿ ಈಗ ಬಟ್ಟೀನ ಇಲ್ಲ. ಅದನ್ನ ಹೇಳಾಕ ಶುರು ಮಾಡಿದ್ಯಾ, ಆಮ್ಯಾಲ ಐ ಕುಡಂಟ್ ಸ್ಟಾಪ್."

"ಮೂಲಿ ಹೆಂಗ ಕೆಡ್ತು ಅಂತ ಕೇಳಲಿಲ್ಲೇನ?"

"ಕೇಳಿದ್ರು. ನಮ್ಮಾಯಿ ಪ್ರಸ್ಥಾನ ಇಟ್ಟಿದ್ಲು ಅಂದೆ. ಬರೋಬ್ಬರಿ ಎಕ್ಸ್‌ಪ್ಲೇನ್ ಮಾಡು ಅಂದ್ರು. ಫಿಸಿಕ್ಸ್‌ಗಿಂತ ಅದಕ್ಕ ಜಾಸ್ತಿ ಟೈಮ್ ಹಿಡೀತು."

ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ಬಸವರಾಜ ಗೋದಾಮಿನ ಬಟ್ಟೆಯಲ್ಲೇ ಬಂದು ಮಗಳನ್ನು ಎತ್ತಿ ತಿರುಗಿಸಿದ, ಸುನಂದಾ ಒಲೆಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವೀಣಾ ಕುರ್ಚಿಯಲ್ಲಿ, ಉಳಿದವರು ಚಾಪೆಯ ಮೇಲೆ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೇಲೆ ಹೌನ್ಸ್ಲೋದ ಬಟಾಣಿ ಹಾಕಿದ ಅನ್ನ. ಮಧ್ಯಾಹ್ನ ಚಿಪ್ಸ್ ತಿಂದೇ ಕಳೆದಿದ್ದ ರಘುವಿಗೆ ಮೊದಲು ಬಡಿಸಿದೆ.

"ಅಜ್ಜಿ, ನೀವು ಊರಿಗೆ ಹೊರಡೋವಾಗ ಪ್ರಸ್ಥಾನ ಯಾರ ಮನೇಲಿ?" ಎಂದ ಅವನು.

"ನಿಮ್ಮನ್ಯಾಗನ. ಯಾಕ, ಅಂಜಿಕೀನ?"

"ಇಲ್ಲ. ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೀತೀನಿ."

ಬಸವರಾಜ ನಗುತ್ತ ತಟ್ಟೆ ಬಡಿದ. "ಇವಗ ಓದಾಕ ಬರ್ತದೇನವಾ, ಕತ್ತಲದಾಗ?"

ಆ ಗದ್ದಲದಲ್ಲಿ ನಾನು ಶಾಲೂನ ತಾಟನ್ನೇ ನೋಡುತ್ತಿದ್ದೆ. ಮೊದಲರ್ಧ ಮುಗಿಯಿತು. ಉಳಿದರ್ಧವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ಎಣಗಾಯಿಯ ರಸದಲ್ಲಿ ಅದ್ದಿ ಅದನ್ನೂ ತಿಂದಳು. ಆಮೇಲೆ ಖಾಲಿ ತಾಟನ್ನು ನನ್ನ ಕಡೆ ಸರಿಸಿದಳು.

"ಆಯಿ, ಇನ್ನೊಂದು ರೊಟ್ಟಿ ಹಾಕು."